ಊಟದ ಹೊತ್ತಿನ ತಲೆಬರಹ

ಕೊಡಗು ಇನ್ನೂ ತನ್ನಷ್ಟಕ್ಕೆ ಒಂದು ಪುಟ್ಟ ರಾಜ್ಯವಾಗಿದ್ದ ಕಾಲವದು. ಮಡಿಕೇರಿಯ ನಮ್ಮ ಮನೆಯ ಮುಂಭಾಗದಲ್ಲೇ ಅಪ್ಪನ ಅಚ್ಚುಕೂಟ. ಅಲ್ಲಿಂದ ವಾರಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ ಹೊರಡುತ್ತಿತ್ತು. ಅಪ್ಪ ಊಟಕ್ಕೆ ಕೂತರೆ ಅಕ್ಕಿರೊಟ್ಟಿಗಿಂತ ಮೊದಲು ಮಸಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು.

ತಲೆಬರಹ ಆರಿಸುವ ಕೆಲಸ ನನ್ನದು, ಒಂಬತ್ತು ವರ್ಷದವಳದು! ಉಣ್ಣುವಾಗ ಅಪ್ಪ ಒಂದೇ ಸುದ್ದಿಗೆ ಎರಡು ತಲೆಬರಹ ಓದುತ್ತಿದ್ದರು. ಯಾವುದಕ್ಕೆ ನಾನು ತುತ್ತು ಬಿಟ್ಟು ತಲೆ ಎತ್ತುತ್ತೇನೋ ಅದಕ್ಕೇ ಅಚ್ಚಿನ ಮೊಳೆ ಜೋಡಿಸುವುದು. ನನಗೆ ಎಲ್ಲಿಲ್ಲದ ಜಂಬ.

ಆ ವರ್ಷ ಏಲಕ್ಕಿ ಬಿಡಿಸುವ ಕಾಲದಲ್ಲಿ ಕಕ್ಕಬೆಯಿಂದ ಚೋಮ ಬಂದ. ಅಲ್ಲಿನ ಏಲಕ್ಕಿ ಮಲೆಯಲ್ಲಿ ಕೆಲಸದವನು. ಸಂತೆಗೆ ಬಂದಾಗಲೆಲ್ಲ ನನಗೊಂದು ಹಿಡಿ ಏಲಕ್ಕಿ ತರುತ್ತಿದ್ದ. ಅವನ ಬೆರಳೆಲ್ಲ ಅದೇ ಘಮ.

"ಹುಲಿ ನಮ್ಮ ಗೌಡ್ರ ಹಸು ಹಿಡೀತು ಅಯ್ಯ. ಅಷ್ಟೇಯ. ಜನರ ತಂಟೆಗೆ ಬಂದಿಲ್ಲ," ಎಂದ.

ಮಧ್ಯಾಹ್ನ ಅಪ್ಪ ಓದಿದರು: 'ಕಕ್ಕಬೆಯಲ್ಲಿ ಹುಲಿಗೆ ಹಸು ಬಲಿ.' ನಾನು ಎಳೆಬಿದಿರಿನ ಕಣಿಲೆ ಪಲ್ಯ ಬಾಚುತ್ತಲೇ ಇದ್ದೆ. 'ಕಕ್ಕಬೆಯಲ್ಲಿ ಹುಲಿ: ಮುಂದಿನ ಬಲಿ ಯಾರು?' ತಲೆ ಎತ್ತಿದೆ.

"ರೀ, ಸತ್ತಿದ್ದು ಹಸು. ಜನಾನ ಯಾಕೆ ಹೆದರಿಸ್ತೀರಿ?" ಎಂದಳು ಅವ್ವ.

"ಒಳಗೆ ಹಸು ಅಂತಲೇ ಬರ್ದಿದೀನಿ ಮಾರಾಯ್ತಿ. ಹಸು ಸತ್ತಿದ್ದಕ್ಕೆ ಪತ್ರಿಕೆ ಯಾರು ತಗೊಳ್ತಾರೆ?"

ಪತ್ರಿಕೆ ಒಂದೂ ಉಳಿಯಲಿಲ್ಲ. ಒಳಗಿನ ಸಣ್ಣಕ್ಷರ ಓದಿದವರು ಎಷ್ಟು ಜನವೋ. ಕಕ್ಕಬೆಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿಲ್ಲವಂತೆ, ಮನೆಮನೆಯಲ್ಲೂ ಕೋವಿಗೆ ತೋಟೆ ತುಂಬಿಟ್ಟಿದ್ದಾರಂತೆ ಎಂದು ಬಸ್ಸಿನವರು ಸುದ್ದಿ ತಂದರು. ಅಪ್ಪನ ಮುಖ ಅರಳಿತು. ನನಗೆ ಮಾತ್ರ ಚೋಮನದೇ ಯೋಚನೆ. ಏಲಕ್ಕಿ ಕಾಯಿ ಬಿಡುವುದು ಗಿಡದ ಬುಡದಲ್ಲಿ; ಎಲೆಗಳ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತೇ ಬಿಡಿಸಬೇಕು. ಚೋಮ ಹುಲಿಗೆ ಹೆದರಿ ಮನೆಯಲ್ಲಿ ಕೂರುವ ಆಳಲ್ಲ.

ಮುಂದಿನ ಸಂತೆಗೆ ಅವನು ಬರಲಿಲ್ಲ. ಮಂಜಿನಲ್ಲಿ ಎಲೆ ಅಲುಗಿದ್ದು ಕಂಡು, ಹುಲಿಯೆಂದು ಯಾರೋ ಗುಂಡು ಹಾರಿಸಿದ್ದರು. ಚೋಮ ಅಲ್ಲೇ ಪ್ರಾಣ ಬಿಟ್ಟಿದ್ದ.

ಅಪ್ಪ ಎರಡು ದಿನ ಅಚ್ಚುಕೂಟದ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಪತ್ರಿಕೆ ಹೊರಡಬೇಕಿತ್ತು. ಊಟಕ್ಕೆ ಕೂತು, ನನ್ನ ಮುಖ ನೋಡದೆ ಓದಿದರು: 'ಗುಂಡು ತಗುಲಿ ಕೂಲಿಯಾಳಿನ ಸಾವು.' ಈ ಸಲ ಏನೇ ಆದರೂ ತಲೆ ಎತ್ತಬಾರದೆಂದು ನಾನು ರೊಟ್ಟಿಯನ್ನೇ ನೋಡುತ್ತಿದ್ದೆ. 'ಹುಲಿಗೆ ಇಟ್ಟ ಗುರಿ: ಬಿದ್ದವನು ಯಾರು?'

ಯಾರೆಂದು ನನಗೆ ಗೊತ್ತಿತ್ತು. ಆದರೂ ತಲೆ ಎತ್ತಿದೆ.

ಅವ್ವ ನನ್ನ ಮುಂದಿದ್ದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಈಗ ಅಪ್ಪನೂ ಇಲ್ಲ, ಅಚ್ಚುಕೂಟವೂ ಇಲ್ಲ. ಮೊಮ್ಮಕ್ಕಳು ಊಟದ ಹೊತ್ತಿಗೆ ಟಿ.ವಿ. ಹಾಕುತ್ತಾರೆ, ಯಾರದೋ ಸಾವಿನ ಮುಂದೆ 'ಯಾರು?' ಎಂದು ದೊಡ್ಡಕ್ಷರ ಬಂದರೆ ಸಾಕು, ಈ ಹಾಳು ತಲೆ ಏಳುತ್ತದೆ. ಪಾಯಸಕ್ಕೆ ಏಲಕ್ಕಿ ಹಾಕಬೇಡಿರೆಂದು ಮಾತ್ರ ಹೇಳಿಟ್ಟಿದ್ದೇನೆ.