ಹರಳೆಣ್ಣೆ ಪಟ್ಟಿಯ ಪಕ್ಕದ ಕುರ್ಚಿ

ಮನೆಯಲ್ಲೇ ಮಾಡಿಕೊಳ್ಳಬಹುದಾದ ಆರೈಕೆಯನ್ನು ಆಸ್ಪತ್ರೆಯಲ್ಲಿ ಕೂತು ಕಲಿಸುವುದು ವಿಚಿತ್ರವಾದ ವೃತ್ತಿ. ಚೆನ್ನಾಗಿ ಕಲಿಸಿದರೆ ಕಲಿತವರು ಮತ್ತೆ ಬರುವುದಿಲ್ಲ. ನಮ್ಮ ಫಿಸಿಯೋಥೆರಪಿ ವಿಭಾಗದಲ್ಲಿ ಹೀಗೆ ಜನರನ್ನು ಕಳಿಸಿಕೊಡುತ್ತಲೇ ವಯಸ್ಸು ಕಳೆದು, ಈ ತಿಂಗಳು ನಿವೃತ್ತರಾಗಿ ತಾವೇ ಹೊರಡಲಿರುವ ಹಿರಿಯ ಚಿಕಿತ್ಸಕಿಯವರನ್ನು, ಅವರ ವಿದ್ಯಾರ್ಥಿಗಳಾಗಿದ್ದು ಈಗ ಸಹೋದ್ಯೋಗಿಗಳಾದ ನಾವೆಲ್ಲ ಬೆನ್ನ ಹಿಂದೆ ‘ಎಣ್ಣೆ ಮೇಡಂ’ ಎಂದೇ ಕರೆಯುತ್ತಾ ಬಂದಿದ್ದೇವೆ. ಈ ಅಭಿನಂದನ ಗ್ರಂಥದ ನೆಪದಲ್ಲಿ ಮೊದಲ ಸಲ ಅವರ ಎದುರಿಗೇ ಹಾಗೆ ಕರೆಯುವ ಧೈರ್ಯ ಮಾಡುತ್ತಿದ್ದೇನೆ. ಬೆನ್ನು, ಭುಜ, ಮಂಡಿಗಳ ವಿಷಯದಲ್ಲಿ ಅವರ ಪಾಂಡಿತ್ಯವನ್ನು ಉಳಿದ ಲೇಖಕರು ಬರೆದಿರುತ್ತಾರೆ. ನಾನು ಬರೆಯಬೇಕೆಂದಿರುವುದು ಒಂದು ಹರಳೆಣ್ಣೆ ಪಟ್ಟಿಯ ಬಗ್ಗೆ, ಅದನ್ನು ಅವರಿಗೆ ಹಾಕುತ್ತಿದ್ದ ತಂಗಿಯ ಬಗ್ಗೆ, ಮತ್ತು ಆ ತಂಗಿ ದೂರ ಹೋದ ಮೇಲೆ ಅವರು ಯಾರಲ್ಲೂ ಹೇಳಿಕೊಳ್ಳದೆ ಇಟ್ಟುಕೊಂಡಿರುವ ಒಂದು ಆಸೆಯ ಬಗ್ಗೆ.

ಪಟ್ಟಿ ಎಂದರೆ ಹೆಚ್ಚೇನಿಲ್ಲ. ದಪ್ಪ ಫ್ಲಾನಲ್ ಬಟ್ಟೆಯನ್ನು ಮಡಿಸಿ, ಹರಳೆಣ್ಣೆಯಲ್ಲಿ ತೊಯ್ಯಿಸಿ, ತೊಟ್ಟಿಕ್ಕದಷ್ಟು ಹಿಂಡಿ, ಹೊಟ್ಟೆಯ ಮೇಲೋ ಹಿಡಿದುಕೊಂಡ ಭುಜದ ಮೇಲೋ ಹರಡುವುದು. ಅದರ ಮೇಲೊಂದು ಹಳೆಯ ಟವೆಲ್, ಟವೆಲಿನ ಮೇಲೆ ಬಿಸಿನೀರಿನ ಚೀಲ. ಆಮೇಲೆ ಸುಮ್ಮನೆ ಮಲಗುವುದು. ಇದರಿಂದ ಇಂಥ ರೋಗ ಹೋಗುತ್ತದೆ ಎಂದು ಮೇಡಂ ಎಂದೂ ಹೇಳಿದವರಲ್ಲ. ಗಾಯದ ಮೇಲೆ ಬೇಡ, ಬಸುರಿಯರಿಗೆ ಬೇಡ, ಜ್ವರವೋ ತಡೆಯಲಾಗದ ನೋವೋ ಇದ್ದರೆ ಎಣ್ಣೆಯ ಬಾಟಲಿ ಮುಟ್ಟದೆ ಡಾಕ್ಟರ ಹತ್ತಿರ ಓಡಿ ಎಂದು ಮೊದಲು ಹೇಳಿ, ಆಮೇಲಷ್ಟೇ ಬಟ್ಟೆ ಮಡಿಸಲು ತೊಡಗುತ್ತಿದ್ದರು. ವಿಭಾಗದ ಮುಖ್ಯ ವೈದ್ಯರು ಬಾಗಿಲಲ್ಲಿ ನಿಂತು ಕೆಣಕುವುದಿತ್ತು.

“ಏನ್ ಮೇಡಂ, ನಿಮ್ಮ ಎಣ್ಣೆ ಚರ್ಮ ದಾಟಿ ಒಳಗೆ ಹೋಗಿ ಲಿವರ್‌ಗೆ ನಮಸ್ಕಾರ ಹೇಳಿ ಬರುತ್ತಾ?”

“ಗೊತ್ತಿಲ್ಲ ಸಾರ್. ಹೇಳಿದ್ರೂ ನನಗಂತೂ ಕೇಳಿಸಿಲ್ಲ.”

ವೈದ್ಯರ ಸಂಶಯ ನ್ಯಾಯವಾದದ್ದೆಂದು ಅವರು ತರಗತಿಯಲ್ಲೂ ಒಪ್ಪುತ್ತಿದ್ದರು. ಅವರು ಬಿಟ್ಟುಕೊಡದೆ ಇದ್ದದ್ದು ಒಂದೇ ನಿಯಮವನ್ನು: ಪಟ್ಟಿಯನ್ನು ತನಗೆ ತಾನೇ ಹಾಕಿಕೊಳ್ಳಬಾರದು. ಮನೆಯವರು ಯಾರಾದರೂ ಹಾಕಬೇಕು. ಹಾಕಿದವರು ಎದ್ದು ಹೋಗದೆ, ಬಿಸಿ ಆರುವ ತನಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. “ಎಣ್ಣೆ ಏನು ಮಾಡುತ್ತೋ ನಾನು ಆಣೆ ಇಟ್ಟು ಹೇಳಲಾರೆ. ಯಾರಾದ್ರೂ ಪಕ್ಕದಲ್ಲಿ ಕೂತ್ರೆ ಮೈ ಸಡಿಲ ಬಿಡುತ್ತೆ, ಅದು ಗೊತ್ತು,” ಎನ್ನುತ್ತಿದ್ದರು. ಈ ನಿಯಮದಿಂದಾಗಿ ನಮ್ಮ ವಿಭಾಗಕ್ಕೆ ರೋಗಿಗಳು ಒಬ್ಬೊಬ್ಬರೇ ಬರುವುದು ನಿಂತು, ಗಂಡಂದಿರು, ಅತ್ತೆಯರು, ಮುನಿಸಿಕೊಂಡ ಸೊಸೆಯರು ಜೊತೆಗೆ ಬರತೊಡಗಿದರು. ಸೊಸೆಯಿಂದ ಪಟ್ಟಿ ಹಾಕಿಸಿಕೊಳ್ಳುತ್ತಿದ್ದ ಅತ್ತೆಯೊಬ್ಬರು, “ಇವಳು ಇಷ್ಟು ಹೊತ್ತು ಬಾಯಿ ಮುಚ್ಕೊಂಡು ಕೂತಿದ್ದೇ ನನಗೆ ಅರ್ಧ ಔಷಧಿ ಕಣಮ್ಮ,” ಎಂದಾಗ, ಸೊಸೆ ತಡಮಾಡದೆ, “ನೀವು ಮಲಗಿದ್ದು ನನಗೆ ಇನ್ನರ್ಧ,” ಎಂದಿದ್ದು ನಮ್ಮ ವಿಭಾಗದ ದಂತಕತೆಯಾಗಿದೆ.

ನಿಯಮವನ್ನು ಮೇಡಂ ಕಲಿತದ್ದು ಪುಸ್ತಕದಿಂದಲ್ಲ, ತಂಗಿಯಿಂದ. ಅಕ್ಕ ತಂಗಿ ಇಬ್ಬರೂ ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ನೆಲವೇ ಬೆಚ್ಚಗಿರುತ್ತಿದ್ದ, ಕಿಟಕಿ ತೆರೆದರೆ ಗಂಜಿಯ ವಾಸನೆ ಏರಿ ಬರುತ್ತಿದ್ದ ಆ ಮನೆಗೆ ವಿದ್ಯಾರ್ಥಿಗಳಾದ ನಮ್ಮನ್ನು ಸಂಜೆಯ ಹೊತ್ತು ಕರೆದು, ಪಾಠಕ್ಕಿಂತ ಮೊದಲು ಊಟ ಹಾಕುತ್ತಿದ್ದರು. ಮೇಡಂಗೆ ಹುಡುಗಿಯಾಗಿದ್ದಾಗಿನಿಂದ ಹೊಟ್ಟೆ ಹಿಡಿದುಕೊಳ್ಳುವ ತೊಂದರೆ. ಎಲ್ಲ ಪರೀಕ್ಷೆಗಳೂ ಆಗಿ, ಅಪಾಯವಿಲ್ಲ ಎಂದು ವೈದ್ಯರು ಹೇಳಿದ್ದರು. ಅಪಾಯವಿಲ್ಲದ ನೋವನ್ನು ಯಾರು ಕೇಳುತ್ತಾರೆ? ತಂಗಿ ಕೇಳುತ್ತಿದ್ದರು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದ ಅವರು ಹರಿದ ಕಂಬಳಿಯ ಅಂಚು ಮಡಿಸಿ ಪಟ್ಟಿ ಹೊಲಿದು, ಅಕ್ಕನಿಗೆ ಹಾಕಿ, ಪಕ್ಕದಲ್ಲಿ ಕೂತು ಗುಂಡಿ ಹಾಕುವ ಕೆಲಸ ಮುಂದುವರಿಸುತ್ತಿದ್ದರು. ಅಕ್ಕ ಮಾತಾಡಿದರೆ, “ಮಲಗೇ ಸುಮ್ನೆ, ಊರಿಗೆ ಪಾಠ ಹೇಳಿದ್ದು ಸಾಕು,” ಎಂದು ಗದರುತ್ತಿದ್ದರು. ಅದನ್ನು ಕಣ್ಣಾರೆ ಕಂಡವನು ನಾನು. ಆಸ್ಪತ್ರೆಯಲ್ಲಿ ನಮ್ಮನ್ನೆಲ್ಲ ನಡುಗಿಸುತ್ತಿದ್ದ ಆ ಮುಖ, ದೀಪ ತಗ್ಗಿಸಿದ ಕೋಣೆಯ ಹಾಗೆ ನಿಧಾನವಾಗಿ ಮೆತ್ತಗಾಗುತ್ತಿತ್ತು. ಎಣ್ಣೆ ಬಟ್ಟೆ ಕಂಡರೆ ಕೆಳಗಿನ ಲಾಂಡ್ರಿಯವರಿಗೆ ಮಾತ್ರ ಮೈಯೆಲ್ಲ ಉರಿ: “ನಿಮ್ಮ ಟವೆಲ್ ಒಗೆದ್ರೆ ಊರಿನ ಅಂಗಿಗೆಲ್ಲ ಮಾಲೀಸು ಮಾಡಿದಂಗಾಗುತ್ತೆ ತಾಯಿ!”

ಮೇಡಂ ಆ ತಂಗಿಯನ್ನು ಕಳೆದುಕೊಂಡದ್ದು ತಮ್ಮ ನಿಯಮದಿಂದಲೇ. ಗಡಿಯಾರ ರಿಪೇರಿ ಮಾಡುವವರೊಬ್ಬರು ಭುಜದ ನೋವೆಂದು ವಿಭಾಗಕ್ಕೆ ಬಂದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಪಟ್ಟಿ ಹಾಕುವವರು ಯಾರೂ ಇಲ್ಲ ಎಂದಾಗ, ನೀವೇ ಹಾಕಿಕೊಳ್ಳಿ ಎಂದುಬಿಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಮೇಡಂ ಹಾಗೆನ್ನಲಿಲ್ಲ. ಅವರ ಅಂಗಡಿ ನೀನು ಪೇಟೆಗೆ ಹೋಗುವ ದಾರಿಯಲ್ಲೇ ಇದೆಯಲ್ಲ, ನೀನೇ ಒಂದೆರಡು ದಿನ ಹಾಕಿಕೊಡು ಎಂದು ತಂಗಿಯನ್ನು ಕಳಿಸಿದರು. ತಂಗಿ ಹೋದರು, ಬಿಸಿ ಆರುವ ತನಕ ಕೂತರು, ನಿಯಮದಲ್ಲಿ ಮಾತಾಡಬಾರದು ಎಂದೇನೂ ಇರಲಿಲ್ಲ. ತಲೆ ನರೆತ ಮೇಲೆ ತಂಗಿಗೆ ಮದುವೆಯಾಯಿತು. ಮದುವೆಯ ದಿನ ಮೇಡಂ ಎಲ್ಲರೆದುರು ನಗುತ್ತಾ, “ಪಟ್ಟಿ ಹಾಕಿಕೊಟ್ಟು ಬಾ ಅಂದೆ. ಅಲ್ಲೇ ಇದ್ದುಬಿಟ್ಟಳು!” ಎಂದರು. ಸ್ವಲ್ಪ ಕಾಲದ ಬಳಿಕ ಗಡಿಯಾರದ ಅಂಗಡಿ ದೂರದ ಊರಿಗೆ ಹೋಯಿತು. ರೈಲು ಹೊರಟ ಮೇಲೂ ಮೇಡಂ ಖಾಲಿ ಹಳಿಗಳನ್ನು ನೋಡುತ್ತಾ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರು.

ಅಂದಿನಿಂದ ಅವರು ಪಟ್ಟಿ ಹಾಕಿಸಿಕೊಂಡಿಲ್ಲ. ಮಧ್ಯಾಹ್ನದ ಪಾಠದ ನಡುವೆ ಮೇಜಿನ ಅಂಚು ಹಿಡಿದು ಉಸಿರು ಬಿಗಿಹಿಡಿಯುವುದನ್ನು ಸಹೋದ್ಯೋಗಿಗಳು ಕಂಡಿದ್ದೇವೆ. ನಾವು ಹಾಕುತ್ತೇವೆ ಎಂದರೆ, “ನಿಮಗೆ ಬೇರೆ ಕೆಲಸ ಇಲ್ವಾ? ಹೋಗಿ,” ಎಂದು ಓಡಿಸುತ್ತಾರೆ. ಒಮ್ಮೆ ಮಾತ್ರ, ಬಟ್ಟೆಗಳ ಕಪಾಟು ಜೋಡಿಸುತ್ತಾ, ನಾನು ತಂಗಿಯವರನ್ನಾದರೂ ಕೆಲ ದಿನಕ್ಕೆ ಕರೆಸಿಕೊಳ್ಳಬಾರದೇ ಎಂದು ಕೇಳಿದೆ. ಅವರು ಮಡಿಸಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದರು.

“ಕರೆದರೆ ಬಂದುಬಿಡ್ತಾಳೆ. ಅದಕ್ಕೇ ಕರೆಯಲ್ಲ.”

ಈ ಗ್ರಂಥಕ್ಕೆ ಲೇಖನ ಕೋರಿ ತಂಗಿಯವರಿಗೆ ಫೋನ್ ಮಾಡುವ ಕೆಲಸ ಸಂಪಾದಕರಿಂದ ನನ್ನ ಪಾಲಿಗೆ ಬಂತು. ಬರೆಯುವುದೆಲ್ಲ ತಮಗಾಗದು ಎಂದು ಅವರು ಒಂದೇ ಮಾತಿಗೆ ತಳ್ಳಿಹಾಕಿ, ಕೇಳಿದರು:

“ಈಗ ಅವಳಿಗೆ ಪಟ್ಟಿ ಯಾರು ಹಾಕ್ತಾರೆ?”

ಯಾರೂ ಇಲ್ಲ ಎಂದೆ. ಆ ತುದಿಯಲ್ಲಿ ಗಡಿಯಾರಗಳ ಸದ್ದು ಕೇಳುತ್ತಿತ್ತು, ಒಂದೂ ಇನ್ನೊಂದರ ಜೊತೆಗಿಲ್ಲದೆ.

“ನಾನಾಗಿ ಹೊರಟರೆ ‘ಗಂಡನ್ನ ಬಿಟ್ಟು ಯಾಕೆ ಬಂದೆ, ನನಗೇನಾಗಿದೆ’ ಅಂತ ಮುಂದಿನ ರೈಲಿಗೆ ಹತ್ತಿಸ್ತಾಳೆ. ಅವಳ ಬಾಯಲ್ಲಿ ಒಂದು ಸಲ ‘ಬಾ’ ಅಂತ ಬರಲಿ ಅಂತ ಕಾಯ್ತಾ ಇದ್ದೀನಪ್ಪ.”

ಹಿಂದಿನಿಂದ ಅವರ ಯಜಮಾನರು ಕೂಗಿದರು: “ನನ್ನ ಭುಜ ಯಾವತ್ತೋ ವಾಸಿಯಾಗಿದೆ ಅಂತ ಹೇಳಪ್ಪಾ ನಿಮ್ಮ ಮೇಡಂಗೆ! ನನ್ನ ಹೆಂಡತಿಗಿಂತ ನಾದಿನಿಗೇ ಹಟ ಜಾಸ್ತಿ!”

“ನಾದಿನಿ ಅಲ್ಲರೀ, ಅತ್ತಿಗೆ! ಸಂಬಂಧ ಕಲಿಯೋಕೆ ಇನ್ನೆಷ್ಟು ವರ್ಷ ಬೇಕು ನಿಮಗೆ?” ಎಂದು ತಂಗಿಯವರು ಗದರಿದರು.

ಯಜಮಾನರು ಏನೇ ಅಂದರೂ, ಈ ಸಂಭಾಷಣೆಯನ್ನು ಮೇಡಂಗೆ ತಿಳಿಸಲು ತಂಗಿಯವರು ನನಗೆ ಅನುಮತಿ ಕೊಟ್ಟಿಲ್ಲ. ಅಚ್ಚು ಹಾಕಿಸಬೇಡ ಎಂದು ಮಾತ್ರ ಯಾರೂ ಹೇಳಿಲ್ಲ. ಅಭಿನಂದನ ಗ್ರಂಥವನ್ನು ಸನ್ಮಾನಿತರು ಕೊನೆಯ ಪುಟದ ತನಕ ಓದಲೇಬೇಕಾಗುತ್ತದೆ ಎಂಬ ಸೌಜನ್ಯದ ಮೇಲೆ ಭಾರ ಹಾಕಿ ಬರೆಯುತ್ತಿದ್ದೇನೆ.

ಪೂಜ್ಯ ಎಣ್ಣೆ ಮೇಡಂ, ತಾವು ಬಹುಕಾಲ ಆರೋಗ್ಯದಿಂದ ಬಾಳಬೇಕು. ವಿಭಾಗಕ್ಕೆ ಬಂದು ನಮ್ಮ ಕೈಗಳ ತಪ್ಪನ್ನು ತಿದ್ದುತ್ತಿರಬೇಕು. ತಾವು ಕಲಿಸುವುದನ್ನು ನಿಲ್ಲಿಸಬಾರದು. ಇಷ್ಟನ್ನು ಹಾರೈಸುವುದು ನಮ್ಮಿಂದಾದೀತು. ಉಳಿದದ್ದಕ್ಕೆ ತಮ್ಮ ಬಾಯಿಂದಲೇ ಒಂದು ಮಾತು ಬರಬೇಕು. ತಂಗಿಯವರ ಸಂಸಾರಕ್ಕೆ ತೊಂದರೆಯಾದೀತೆಂದು ತಾವು ಸುಮ್ಮನಿದ್ದೀರಿ. ತಾವು ಸುಮ್ಮನಿದ್ದೀರೆಂದು ಅವರು ಅಲ್ಲಿ ಕೊರಗುತ್ತಿದ್ದಾರೆ. ಇಲ್ಲಿಗೆ ಪುಸ್ತಕ ಮುಚ್ಚಿಡಿ, ಮೇಡಂ. ಕರೆಯಿರಿ.