ಗಂಧ ಮೆತ್ತಿದ ಅಚ್ಚು

ಎಪ್ಪತ್ತರ ದಶಕದಲ್ಲಿ ನಮ್ಮ ಭಾವ, ಬೆಂಗಳೂರಿನ ಕಾರ್ಖಾನೆಯ ಫೋರ್‌ಮನ್ನನಿಗೆ ದೀರ್ಘವಾದ ಭಾಷಣವೊಂದನ್ನು ಬಿಗಿದು, ಕೆಲಸ ಬಿಟ್ಟು, ದೊಡ್ಡಬಳ್ಳಾಪುರದಲ್ಲಿ ತಗಡು ಬಗ್ಗಿಸುವ ಸ್ವಂತ ಶೆಡ್ಡನ್ನು ತೆರೆದರು. ಮೊದಲ ದೊಡ್ಡ ಆರ್ಡರು ಮಗ್ಗಗಳ ಹಲ್ಲುಚಕ್ರಕ್ಕೆ ಹಾಕುವ ಮುಚ್ಚಳಗಳದು. ಅದು ಕೈತಪ್ಪಿದರೆ ಅದೇ ಫೋರ್‌ಮನ್ನನ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಭಾಷಣವನ್ನು ಹಿಂದಕ್ಕೆ ಪಡೆಯುವ ಕ್ರಮವನ್ನು ಮಾತ್ರ ಭಾವ ಕಲಿತಿರಲಿಲ್ಲ.

ತಗಡು ವಿಧೇಯ ವಸ್ತುವಲ್ಲ. ಅಚ್ಚಿನ ತೋಡಿನಲ್ಲಿಟ್ಟು ಸರಿಯಾಗಿ ತೊಂಬತ್ತು ಡಿಗ್ರಿಗೆ ಒತ್ತಿದರೂ, ಒತ್ತಡ ತೆಗೆದೊಡನೆ ಒಂದಿಷ್ಟು ಹಿಂದಕ್ಕೆ ಸೆಟೆದುಕೊಳ್ಳುತ್ತದೆ. ಮೇಷ್ಟರು ಬೆನ್ನು ತಿರುಗಿಸಿದ ತರಗತಿಯಂತೆ. ಆದ್ದರಿಂದ ಭಾವ ತೋಡನ್ನೇ ಎಂಬತ್ತೆಂಟು ಡಿಗ್ರಿಗೆ ಕೊರೆಸಿದ್ದರು. ಬಗ್ಗಿದ ಮೂಲೆಗೆ ಮೂಲೆಮಟ್ಟ ಹಿಡಿದರೆ ನಡುವೆ ಬೆಳಕೂ ನುಸುಳುತ್ತಿರಲಿಲ್ಲ.

ಆಯುಧಪೂಜೆ ಕಳೆದದ್ದೇ ತಡ, ಎಲ್ಲ ಮೂಲೆಗಳೂ ಬಾಯಿ ತೆರೆದವು. ಭಾವ ತಗಡನ್ನು ಬೈದರು, ಅದನ್ನು ಮಾರಿದವನನ್ನು ಬೈದರು, ಹವೆಯನ್ನೂ ಬಿಡಲಿಲ್ಲ. ಮಗ್ಗದ ಯಜಮಾನರು ಮಾದರಿಯನ್ನು ಕೈಯಲ್ಲಿ ಅಲುಗಾಡಿಸಿ, "ಏನಪ್ಪಾ, ಮುಚ್ಚಳ ಕೇಳಿದ್ರೆ ಮೊರ ಮಾಡ್ಬಿಟ್ಟಿದ್ದೀಯಲ್ಲ? ನಾಳೆ ಬರ್ತೀನಿ. ಹಿಂಗೇ ಇದ್ರೆ ಬೇರೆ ಕಡೆ ಹೋಗ್ತೀನಿ" ಎಂದು ಹೊರಟರು.

ಬೈಯಲು ಮತ್ತೇನೂ ಉಳಿಯದೆ ಭಾವ ಅಚ್ಚಿನತ್ತ ಬಗ್ಗಿದರು. ತೋಡಿನ ತಳದಲ್ಲಿ ಅಕ್ಕನ ಭಕ್ತಿ ಕಲ್ಲಾಗಿ ಕುಳಿತಿತ್ತು: ಗಂಧ, ಕುಂಕುಮ, ಅಕ್ಷತೆ, ಎಲ್ಲವೂ ಮೆಷಿನ್ ಎಣ್ಣೆಯೊಡನೆ ಬೆರೆತು. ತಗಡು ತಳವನ್ನು ಮುಟ್ಟುತ್ತಲೇ ಇರಲಿಲ್ಲ.

"ಇದೇನೇ, ಅಚ್ಚಿಗೆ ಊಟ ಹಾಕಿದ್ದೀಯಾ?"

"ದೇವರ ಗಂಧ ಕಣ್ರೀ. ತಾನಾಗೇ ಉದುರಬೇಕು, ಕೆರೆಯೋ ಹಾಗಿಲ್ಲ." ಅಕ್ಕ ಅಡ್ಡ ನಿಂತಳು.

"ಅದು ಉದುರೋ ಹೊತ್ತಿಗೆ ನಾನು ಫೋರ್‌ಮನ್ ಕಾಲಿಗೆ ಬಿದ್ದಿರ್ತೀನಿ!"

"ಬಿದ್ರೆ ಬೀಳಿ. ಹಿರಿಯರ ಕಾಲು ತಾನೇ?"

"ಅವನು ನನಗಿಂತ ಚಿಕ್ಕೋನು ಕಣೇ!" ಭಾವ ನನ್ನತ್ತ ತಿರುಗಿದರು. "ಮೇಷ್ಟ್ರೇ, ನಿಮ್ಮಕ್ಕನಿಗೆ ನೀವಾದ್ರೂ ಹೇಳ್ರೀ."

"ಕೆರೆಯೋದು ಬೇಡಕ್ಕ, ಅಭಿಷೇಕ ಮಾಡೋಣ" ಎಂದೆ.

ಅಭಿಷೇಕಕ್ಕೆ ಅಕ್ಕನ ಆಕ್ಷೇಪವಿರಲಿಲ್ಲ. ಮೊದಲು ಬಿಸಿನೀರು, ಬಳಿಕ ಸೀಮೆಎಣ್ಣೆ ಎಂದಾಗ ಮುಖ ಸಿಂಡರಿಸಿದರೂ ಆರತಿಯ ತಟ್ಟೆಯನ್ನು ತಂದಳು. ಕರ್ಪೂರವನ್ನು ಮಾತ್ರ ಶೆಡ್ಡಿನಾಚೆ ಹಚ್ಚಿಸಿದೆವು. ಭಾವ ತಂತಿಯ ಬ್ರಷ್ಷಿನಿಂದ ದೇವರ ಮೈಯನ್ನು ಭಕ್ತಿಪೂರ್ವಕವಾಗಿ ಉಜ್ಜಿದರು.

ಮರುದಿನ ಯಜಮಾನರು ಹೊಸ ಮುಚ್ಚಳಕ್ಕೆ ಮೂಲೆಮಟ್ಟವನ್ನು ಹಿಡಿದರು, ತಿರುಗಿಸಿ ಹಿಡಿದರು, ತಪ್ಪು ಸಿಗದ ದುಃಖದಲ್ಲಿ ಆರ್ಡರನ್ನು ಖಾಯಂ ಮಾಡಿದರು. ಅಷ್ಟರಲ್ಲಿ ಅಕ್ಕ, ಅಭಿಷೇಕದ ಸೀಮೆಎಣ್ಣೆಯನ್ನು ಜನ ತುಳಿಯುವ ಜಾಗದಲ್ಲಿ ಚೆಲ್ಲಬಾರದೆಂದು, ಡಬ್ಬಿ ಹಿಡಿದು ತುಳಸಿಕಟ್ಟೆಯತ್ತ ನಡೆದಿದ್ದಳು. ಭಾವ ಯಜಮಾನರನ್ನು ಅಲ್ಲೇ ಬಿಟ್ಟು ಓಡಿದರು.