ಕಣ್ಣಿಗೆ ಬಳಿದ ವಿಭೂತಿ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ, ಎರಡು ಲೇತ್ ಮಷೀನುಗಳಷ್ಟೇ ಹಿಡಿಸುವ ಶೆಡ್ಡಿನಲ್ಲಿ ಸತ್ಯವತಿಯವರ ಹಗಲು ಕಳೆಯುತ್ತದೆ. ಗಂಡ ಪಟ್ಟಾಭಿರಾಮ ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು ಕಟ್ಟಿದ ಶೆಡ್ಡು. ಅವರು ತೀರಿಕೊಂಡಾಗ ಮಾರಿಬಿಡಿ ಎಂದವರೇ ಹೆಚ್ಚು. "ಮಾರಿ, ಮನೇಲಿ ಕೂತು ಸೀರಿಯಲ್ ನೋಡ್ಲಾ?" ಎಂದ ಸತ್ಯವತಿ ಲಗ್ಗೆರೆಯ ಮನೆಯಿಂದ ಬಂದು ತಾವೇ ಬೀಗ ತೆಗೆದರು.

ಇಲ್ಲಿ ತಯಾರಾಗುವುದು ಹಿತ್ತಾಳೆಯ ಬುಷ್. ನೀರೆತ್ತುವ ಪಂಪಿನೊಳಗೆ ತಿರುಗುವ ಸಲಾಕೆಯನ್ನು ಅಲ್ಲಾಡದಂತೆ ಹಿಡಿದಿಡುವ, ಕೂಸಿನ ಬಳೆಯಷ್ಟು ಪುಟ್ಟ ವಸ್ತು. ಎಲ್ಲವೂ ಹೋಗುತ್ತಿದ್ದುದು ವೈಟ್‌ಫೀಲ್ಡ್ ಕಡೆಯ ಒಂದೇ ಒಂದು ಪಂಪ್ ಕಂಪನಿಗೆ.

ಮೊದಲೆಲ್ಲ ಆ ಕಂಪನಿಗೂ ಇವರಿಗೂ ನಡುವೆ ಇದ್ದದ್ದು ಫೋನು, ಮತ್ತು ಫೋನಿನಲ್ಲಿ ಹೇಳುವ ಸಣ್ಣ ಸುಳ್ಳುಗಳು. "ಮಾಲು ಹೊರಟಿದೆ ಸಾರ್, ಗೊರಗುಂಟೆಪಾಳ್ಯದಲ್ಲಿ ಟ್ರಾಫಿಕ್ಕು" ಎನ್ನುವಾಗ ಮಾಲು ಇನ್ನೂ ಮಷೀನಿನ ಮೇಲೇ ಇರುತ್ತಿತ್ತು. ಅವರೂ ಕಮ್ಮಿಯಿರಲಿಲ್ಲ. ನಾಳೆಯೇ ಬೇಕು ಎಂದು ಅವಸರಪಡಿಸಿ ತರಿಸಿಕೊಂಡ ಪೆಟ್ಟಿಗೆಗಳು ಗೋದಾಮಿನಲ್ಲಿ ತಿಂಗಳುಗಟ್ಟಲೆ ಧೂಳು ಹಿಡಿಯುತ್ತಿದ್ದವು.

ಹೋದ ವರ್ಷ ಕಂಪನಿಯ ಖರೀದಿ ವಿಭಾಗದ ಯುವಕ ಋಷಿಕೇಶ್ ಬಂದು ಎರಡೂ ಮಷೀನಿಗೆ ಕಡಲೆಕಾಳಿನಷ್ಟು ಒಂದೊಂದು ಎಲೆಕ್ಟ್ರಾನಿಕ್ ಕಣ್ಣು ಕೂರಿಸಿದ. ಜಾರಿ ಬೀಳುವ ಪ್ರತಿ ಬುಷ್ಷನ್ನೂ ಅದು ಎಣಿಸುತ್ತದೆ. ಎಣಿಕೆ ಆ ಕ್ಷಣವೇ ಕಂಪನಿಯ ಪರದೆಯ ಮೇಲೆ ಮೂಡುತ್ತದೆ. ಪಂಪಿಗೆ ಬೇಕಾದಷ್ಟೇ ಬುಷ್. ಟೆಂಪೊ ತಾನಾಗಿ ಬರುತ್ತದೆ. ವ್ಯವಹಾರ ಕುದುರಿತು. ಸುಳ್ಳು ಹೇಳುವ ಕೆಲಸ ತಪ್ಪಿ ಸತ್ಯವತಿಯವರಿಗೆ ಒಳ್ಳೆಯ ನಿದ್ದೆಯೂ ಬರತೊಡಗಿತು. ಫೋನು ಮಾತ್ರ ಮೂಕವಾಯಿತು. ಅದು ಯಾರಿಗೂ ಕೊರತೆ ಎನಿಸಲಿಲ್ಲ.

ಈ ಸಲದ ಆಯುಧಪೂಜೆಗೆ ಮಷೀನು ತೊಳೆದವನು ಮಲಕಪ್ಪ. ಕಲಬುರಗಿ ಕಡೆಯವನು, ಪಟ್ಟಾಭಿರಾಮರ ಕಾಲದಿಂದಲೂ ಇಲ್ಲಿ ದುಡಿಯುತ್ತಿರುವವನು. "ಒಂದೂ ಬಿಡ್ಬೇಡ ಕಣಪ್ಪಾ, ಎಲ್ಲಕ್ಕೂ ಹಚ್ಚು" ಎಂದರು ಸತ್ಯವತಿ. ಆತ ಮೋಟಾರಿಗೆ ಹಚ್ಚಿದ, ಸ್ವಿಚ್ಚಿಗೆ ಹಚ್ಚಿದ, ಎಣ್ಣೆಯ ಡಬ್ಬಕ್ಕೂ ಮೂರು ಬೆರಳು ವಿಭೂತಿ ಎಳೆದು ನಡುವೆ ಕುಂಕುಮವಿಟ್ಟ. ಆ ಪುಟ್ಟ ಕಣ್ಣುಗಳಿಗೂ ಇಟ್ಟ.

ವಿಜಯದಶಮಿ ಕಳೆದ ಮರುದಿನ ಬೆಳಗ್ಗೆ ಮಷೀನು ತಿರುಗಿತು. ಬುಷ್ಷುಗಳು ಟಣ್ ಟಣ್ ಎಂದು ಬಿದ್ದು ಪೆಟ್ಟಿಗೆ ತುಂಬಿದವು. ಟೆಂಪೊ ಬರಲೇ ಇಲ್ಲ. ಸಂಜೆ ಸತ್ಯವತಿ ಫೋನ್ ಮಾಡಿದರು.

"ಮೇಡಂ, ನಿಮ್ಮ ಮಷೀನ್ ನಿಂತಿದೆಯಲ್ಲ!" ಎಂದ ಋಷಿಕೇಶ್. "ಸ್ಕ್ರೀನಲ್ಲಿ ಬೆಳಗ್ಗೆಯಿಂದ ಸೊನ್ನೆ. ನಿಮಗೂ ಮೆಸೇಜ್ ಬಂದಿರುತ್ತೆ, ನೋಡಿ."

ಬಂದಿತ್ತು. ಹಬ್ಬದ ಶುಭಾಶಯಗಳ ಅಡಿಯಲ್ಲಿ ಹೂತುಹೋಗಿತ್ತು.

"ನಿಂತಿದ್ಯಾ? ನೀನೇ ಕೇಳಪ್ಪಾ" ಎಂದು ಅವರು ಫೋನನ್ನು ಮಷೀನಿನ ಬಳಿ ಹಿಡಿದರು.

"ಕೇಳಿಸ್ತಿದೆ ಮೇಡಂ. ಆದ್ರೆ ಆರ್ಡರ್ ಹೊರಟೋಗಿದೆ. ರಜೆಯಿಲ್ಲದ ದಿನ ಅರ್ಧ ಹೊತ್ತು ಸೊನ್ನೆ ಬಂದ್ರೆ ಸಿಸ್ಟಮ್ಮೇ ಅದನ್ನ ಕೊಯಮತ್ತೂರಿನವರಿಗೆ ತಿರುಗಿಸ್ಬಿಡುತ್ತೆ."

ಆ ಆರ್ಡರ್ ಬಿಟ್ಟರೆ ಶೆಡ್ಡಿಗೆ ಬೇರೆ ಅನ್ನವಿಲ್ಲ. ಅದು ಮರಳದಿದ್ದರೆ ಬಾಗಿಲು ಮುಚ್ಚಬೇಕು. ಸತ್ಯವತಿ ಸ್ಟೂಲು ಎಳೆದುಕೊಂಡು ಕೂತರು. ಮಾತು ಕೇಳಿಸಿಕೊಂಡಿದ್ದ ಮಲಕಪ್ಪ ಮಷೀನಿನ ಕಣ್ಣನ್ನು ಬಗ್ಗಿ ನೋಡಿದ.

"ಅಕ್ಕಾರ, ಕಣ್ಣಿಗೇ ಬಳದೀನ್ರಿ. ನಂದೇ ತಪ್ಪು."

"ಎಲ್ಲಕ್ಕೂ ಹಚ್ಚು ಅಂದೋಳು ನಾನು. ಒರೆಸು."

"ಪೂಜಾ ಮಾಡಿದ್ದು, ಹ್ಯಾಂಗ್ ಒರಸಲ್ರಿ?"

"ಒರೆಸೋ ಮಾರಾಯ! ದೇವರಿಗೆ ನಾನ್ ಹೇಳ್ಕೋತೀನಿ."

ಮರುದಿನ ಋಷಿಕೇಶ್ ತಾನೇ ಬಂದ. ವಿಭೂತಿಯ ಕತೆ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. ಆದರೆ ತುಂಬಿ ನಿಂತ ಪೆಟ್ಟಿಗೆಗಳನ್ನು ಕಂಡು ನಗು ಅಲ್ಲೇ ನಿಂತಿತು. ಬೆಳಗ್ಗೆಯೆಲ್ಲ ಕಂಪನಿಯಲ್ಲಿ ಇವರ ಪರವಾಗಿ ವಾದಿಸಿ ಬಂದಿದ್ದ.

"ಅರ್ಧ ಆರ್ಡರ್ ವಾಪಸ್ ತಂದೆ ಮೇಡಂ. ಇನ್ನರ್ಧ ಕೊಯಮತ್ತೂರಿನವರ ಹತ್ರಾನೇ ಇರುತ್ತಂತೆ, ಇನ್ಮೇಲೆ ಯಾವಾಗ್ಲೂ. ಒಬ್ಬರನ್ನೇ ನಂಬ್ಕೊಂಡ್ರೆ ರಿಸ್ಕು ಅಂತಾರೆ ಮೇಲಿನವ್ರು." ಕೊನೆಯ ಮಾತನ್ನು ನೆಲ ನೋಡುತ್ತ ಹೇಳಿದ.

ಸತ್ಯವತಿಯವರಿಗೆ ಸಿಟ್ಟು ಬಂತು. ಅವನ ಬಾಡಿದ ಮುಖ ನೋಡಿ ಇಳಿಯಿತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

"ಅವರು ಹೇಳೋದ್ರಲ್ಲಿ ತಪ್ಪೇನಿಲ್ಲ ಬಿಡು. ನಾನೂ ಒಬ್ಬರನ್ನೇ ನಂಬ್ಕೊಂಡು ಕೂತಿದ್ನಲ್ಲ." ಆಮೇಲೆ ಒಳಗಿನ ಮಷೀನಿನ ಕಡೆ ಕೈ ತೋರಿದರು. "ಆ ಕಣ್ಣು ಬಿಚ್ಕೊಂಡು ಹೋಗು. ನಿಮ್ಮ ಅರ್ಧ ಕೆಲಸಕ್ಕೆ ಇನ್ನೊಂದು ಮಷೀನ್ ಸಾಕು."

"ಮತ್ತೆ ಆ ಮಷೀನು?" ಎಂದ ಋಷಿಕೇಶ್.

"ಅದರ ಬುಷ್ಷಿಗೆ ಬೇರೆ ಮನೆ ನೋಡ್ಬೇಕು."

ಊಟವಾದ ಮೇಲೆ ಅವರು ನಾಲ್ಕು ಬುಷ್ಷುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. "ನಾನೂ ಬರ್ಲೇನ್ರಿ?" ಎಂದ ಮಲಕಪ್ಪನಿಗೆ ಮಷೀನು ನಿಲ್ಲಿಸಬೇಡ ಎಂದು ಹೇಳಿ, ಲಾರಿಗಳ ನಡುವೆ ಸೆರಗು ಬಿಗಿಮಾಡಿಕೊಂಡು ರಸ್ತೆ ದಾಟಿದರು. ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದ ಒಂದು ಪಂಪ್ ಕಾರ್ಖಾನೆಯ ಗೇಟಿನ ಮುಂದೆ ನಿಂತರು.

"ಯಾರನ್ನ ನೋಡ್ಬೇಕಮ್ಮ?" ಎಂದ ಕಾವಲುಗಾರ.

ಯಾರ ಹೆಸರೂ ಗೊತ್ತಿರಲಿಲ್ಲ. "ಬುಷ್ ಕೊಳ್ಳೋರನ್ನ" ಎಂದರು.

ಆತ ಅವರನ್ನೊಮ್ಮೆ, ಗಂಟನ್ನೊಮ್ಮೆ ನೋಡಿದ. ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿಗೆ ಎಳೆದು, "ಕೂತಿರಿ, ಕೇಳ್ಕೊಂಡು ಬರ್ತೀನಿ" ಎಂದು ಒಳಗೆ ಹೋದ.